ವಾಣಿಶ್ರೀ ತಿರುಪತಿಗೆ ಹೋಗಿ ಬಂದದ್ದು

ಸರ್ಜನ್ ವೇಣುಗೋಪಾಲ್ ಅವರು ಸ್ಕ್ಯಾನಿಂಗ್ ರಿಪೋರ್ಟ್ ನೋಡಿ, "ಪಿತ್ತಕೋಶದ ತುಂಬಾ ಕಲ್ಲಿದೆಯಮ್ಮಾ, ಆಪರೇಷನ್ ಮಾಡಿ ಪಿತ್ತಕೋಶವನ್ನೇ ತೆಗೀಬೇಕು" ಎಂದಾಗ ವಾಣಿಶ್ರೀಯ ಎದೆ ಧಸಕ್ಕೆನ್ನಲಿಲ್ಲ. "ಆಮೇಲೆ ಹದಿನೈದು ದಿನ ಪೂರ್ತಿ ರೆಸ್ಟು. ಒಂದು ಕೊಡ ನೀರು ಕೂಡ ಎತ್ತೋ ಹಾಗಿಲ್ಲ" ಎಂದಾಗ ಮಾತ್ರ ಅವಳ ಕಣ್ಣಲ್ಲಿ ಬಳಬಳ ನೀರು ಬಂತು. ಡಾಕ್ಟರು ಪಾಪ, ಹೆದರಿದಳೆಂದು ತಿಳಿದು ಧೈರ್ಯ ಹೇಳಿದರು. ಅದು ಹೆದರಿಕೆಯಲ್ಲ, ಆನಂದಬಾಷ್ಪ. ಮದುವೆಯಾದಂದಿನಿಂದ ಅವಳಿಗೆ 'ರೆಸ್ಟ್ ತಗೊಳ್ಳಿ' ಎಂದು ಹೇಳಿದ ಮೊದಲ ಮನುಷ್ಯಪ್ರಾಣಿ ಆತನೇ.

ಹೊಟ್ಟೆನೋವು ಶುರುವಾಗಿ ಮೂರು ವರ್ಷವಾಗಿತ್ತು. ಪಕ್ಕೆಯ ಕೆಳಗೆ ಹಿಡಿದು, ಬೆನ್ನಿಗೆ ಹರಿದು, ಉಸಿರು ಕಟ್ಟುವಂತಾಗುತ್ತಿತ್ತು. ಗಂಡ ದೇವರಾಜ್ (ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಸೂಪರ್‌ವೈಸರ್, ಮನೆಯಲ್ಲಿ ಮೂರೂ ಶಿಫ್ಟು ವೈದ್ಯ) ಟಿ.ವಿ.ಯಿಂದ ಕಣ್ಣು ಕೀಳದೆ "ಗ್ಯಾಸು" ಎನ್ನುತ್ತಿದ್ದ. ಸಾಸಲಿನಲ್ಲಿ ಕಿರಿಯ ಮಗನ ಮನೆಯಲ್ಲಿದ್ದ ಅತ್ತೆ ಪಿಳ್ಳಮ್ಮ ಫೋನಿನಲ್ಲೇ "ಗ್ಯಾಸು, ಓಮಿನಕಾಳು ಅಗಿ" ಎನ್ನುತ್ತಿದ್ದರು. ತುಮಕೂರಿನ ಹಾಸ್ಟೆಲ್ಲಿನಲ್ಲಿದ್ದ ಮಗಳು ಸಿಂಚನ "ಟೇಕ್ ಕೇರ್ ಮಮ್ಮಿ" ಎಂದು ಬರೆದು, ಕೆಳಗೊಂದು ಕೆಂಪು ಹೃದಯ ಅಂಟಿಸಿ ಕಳಿಸುತ್ತಿದ್ದಳು. ಇಷ್ಟು ಜನ ತಜ್ಞರು ಒಮ್ಮತದಿಂದ ಹೇಳಿದ ಮೇಲೆ ವಾಣಿಶ್ರೀಯೂ ಅದನ್ನು ಗ್ಯಾಸೆಂದೇ ನಂಬಿ, ಹೊಟ್ಟೆ ಹಿಡಿದುಕೊಂಡೇ ಮುದ್ದೆ ತೊಳಸುತ್ತಿದ್ದಳು.

ಆದರೆ ಹೋದ ವರ್ಷ ದೇವರಾಜನ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಾಣಿಸಿದಾಗ ಯಾರೂ ಅದನ್ನು ಗ್ಯಾಸು ಎನ್ನಲಿಲ್ಲ. ಹರ್ನಿಯಾ ಎಂದು ಗೊತ್ತಾಗಿ, ಆಪರೇಷನ್ ಆಗಿ, ಮಹಾರಾಜರು ಮಂಚದ ಮೇಲೆ ಪವಡಿಸಿದ್ದೇ ತಡ, ಸಾಸಲು, ದೊಡ್ಡಬೆಳವಂಗಲದ ಕಡೆಯ ನೆಂಟರೆಲ್ಲ ಗಾಡಿ ಮಾಡಿಕೊಂಡು ನೋಡಲು ಬಂದರು. ನಮ್ಮ ಕಡೆ ಆಪರೇಷನ್ ಆದವರನ್ನು ನೋಡಲು ಹೋಗದಿದ್ದರೆ ಅದು ಮುಂದಿನ ತಲೆಮಾರಿನವರೆಗೂ ಮಾತಾಗುತ್ತದೆ. ಬಂದವರೆಲ್ಲ ಒಂದು ಬ್ರೆಡ್ಡು, ನಾಲ್ಕು ಮೂಸಂಬಿ ಇಟ್ಟು, "ಹೆಂಗಾಯ್ತಪ್ಪಾ ಇದು?" ಎಂದು ಕೇಳುವುದು; ದೇವರಾಜ್ ಮೊದಲಿನಿಂದ ಕಥೆ ಶುರುಮಾಡುವುದು; ಕಥೆ ಮುಗಿಯುವಷ್ಟರಲ್ಲಿ ವಾಣಿಶ್ರೀ ಕಾಫಿ ತರುವುದು; ಕಾಫಿ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗುವುದು. ದೇವರಾಜನ ಅಕ್ಕ ಮುನಿಗಂಗಮ್ಮನಂತೂ ತಮ್ಮನ ಬಾಯಿರುಚಿಗೆಂದು ಒಂದು ಮೂಟೆ ಅವರೇಕಾಯಿ ಹೊರಿಸಿಕೊಂಡು ಬಂದಿದ್ದಳು. ಅದನ್ನು ಬಿಡಿಸಿ, ನೆನೆಹಾಕಿ, ಒಂದೊಂದೇ ಹಿತುಕಿ, ಹಿತಕಬೇಳೆ ಸಾರು ಮಾಡಿದ್ದು ಯಾರೆಂದು ನಾನು ಬೇರೆ ಹೇಳಬೇಕೆ? ಸಾರು ಸೊಗಸಾಗಿತ್ತೆಂದು ಎಲ್ಲರೂ ಹೊಗಳಿದರು, ಅವರೇಕಾಯಿ ತಂದ ಮುನಿಗಂಗಮ್ಮನನ್ನು.

ಅದಕ್ಕೇ ವಾಣಿಶ್ರೀ ಡಾಕ್ಟರ ಹತ್ತಿರದಿಂದ ಬರುವಾಗಲೇ ತೀರ್ಮಾನ ಮಾಡಿದ್ದಳು.

"ರೀ, ನನ್ ಆಪರೇಷನ್ ವಿಷ್ಯ ಒಂದು ನರಪಿಳ್ಳೆಗೂ ಗೊತ್ತಾಗ್ಕೂಡ್ದು."

"ಯಾಕ್ಲೇ? ಅಕ್ಕ ಬಂದು ನಾಲ್ಕು ದಿನ ಇರ್ತಾಳೆ, ನಿಂಗೂ ಆಸರೆ..."

"ಅವ್ರು ಬಂದ್ರೆ ಅವ್ರಿಗೆ ಬಿಸಿನೀರು ಕಾಯ್ಸೋಕೆ ನಾನೇ ಏಳ್ಬೇಕು. ಬೇಡ."

"ಮತ್ತೆ ಮನೆಗೆ ಬೀಗ ಹಾಕ್ಕೊಂಡು ಎಲ್ಲೋದ್ರು ಅಂತಾರಲ್ಲ?"

ಅದಕ್ಕೂ ಅವಳು ಯೋಚಿಸಿದ್ದಳು. ಊರಿಗೆ ಹೋಗಿದ್ದೇವೆ ಎನ್ನಲು ಊರಿನಲ್ಲಿ ಇರುವವರೇ ಈ ನೆಂಟರು. ಘಾಟಿ ಸುಬ್ರಹ್ಮಣ್ಯ ಎನ್ನೋಣವೆಂದರೆ ಸಂಜೆಗೇ ವಾಪಸ್ಸು ಬರಬೇಕು. ಧರ್ಮಸ್ಥಳ ಎಂದರೆ ಮುನಿಗಂಗಮ್ಮ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ತಿರುಪತಿಯಾದರೆ ತಿಂಗಳುಗಟ್ಟಲೆ ಮೊದಲೇ ಟಿಕೆಟ್ ಮಾಡಿಸಿರಬೇಕು, ಎರಡೇ ಸಿಕ್ಕಿತು ಎನ್ನಬಹುದು, ಯಾರೂ ಜೊತೆಗೆ ಬರುವಂತಿಲ್ಲ. ಮನೆದೇವರೂ ತಿಮ್ಮಪ್ಪನೇ. ಹಾಗೇ ಕಾಳಹಸ್ತಿ, ಕಂಚಿ ಎಂದು ಎಳೆದರೆ ಹತ್ತು ದಿನ ಆರಾಮಾಗಿ ಮಲಗಬಹುದು. ತನ್ನ ಬುದ್ಧಿಗೆ ತಾನೇ ಬೆರಗಾದ ವಾಣಿಶ್ರೀ ಅಂದು ರಾತ್ರಿ ಹೊಟ್ಟೆನೋವಿನಲ್ಲೂ ನಗುತ್ತಾ ಮಲಗಿದಳು. ತಿರುಪತಿಗೆ ಹೋಗುವುದನ್ನು ಎಲ್ಲ ದಿಕ್ಕಿನಿಂದಲೂ ಯೋಚಿಸಿದವಳು, ತಿರುಪತಿಯಿಂದ ಬರುವುದನ್ನು ಮಾತ್ರ ಯೋಚಿಸಲಿಲ್ಲ.

ಆಪರೇಷನ್ ಸಲೀಸಾಗಿ ಆಯಿತು. ಮಂಪರಿನಿಂದ ಕಣ್ಣು ಬಿಟ್ಟರೆ ಎದುರಿಗೆ ನುಣ್ಣನೆ ಬೋಳಿಸಿದ ಒಂದು ತಲೆ, ಅದರ ಕೆಳಗೆ ಗಂಡನ ಮುಖ. ತಾನು ಸತ್ತುಹೋಗಿ, ಈತ ಕರ್ಮಕ್ಕೆ ತಲೆ ಬೋಳಿಸಿಕೊಂಡಿದ್ದಾನೆಂದೇ ಅವಳು ತಿಳಿದಳು. ಸದ್ಯ, ಇನ್ನು ಯಾರೂ ಏಳಿಸುವುದಿಲ್ಲವಲ್ಲ ಎಂದು ಒಂದು ಗಳಿಗೆ ನೆಮ್ಮದಿಯೂ ಆಯಿತು.

"ಹೆಂಗೈತೆ?" ಎಂದ ದೇವರಾಜ್ ತಲೆ ಸವರಿಕೊಂಡು. "ನೀನು ಒಳಗೋದೆ ನೋಡು, ಎದುರುಗಡೆ ಸಲೂನಲ್ಲಿ ಮುಡಿ ಕೊಟ್ಟೆ. ಕೂದಲು ಹಂಗೇ ಇದ್ರೆ ಅನುಮಾನ ಬರಲ್ವಾ? ಫೋಟೋನೂ ಗ್ರೂಪಿಗೆ ಹಾಕ್ಬಿಟ್ಟೆ. ಬೆಟ್ಟ ನಡ್ಕೊಂಡೇ ಹತ್ತಿದ್ವಿ ಅಂತ ಬರ್ದಿದೀನಿ."

"ನಾನೂನಾ?"

"ನೀನೇ ಮುಂದೆ ಅಂತ ಬರ್ದಿದೀನಿ."

ಆಸ್ಪತ್ರೆಯಲ್ಲಿ ಕಳೆದ ಆ ಎರಡು ದಿನ ಅವಳು ಸ್ವರ್ಗದಲ್ಲಿದ್ದಳು. ಬೆಳಿಗ್ಗೆ ನರ್ಸೊಬ್ಬಳು ಹಾಸಿಗೆಯ ಹತ್ತಿರವೇ ಕಾಫಿ ತಂದುಕೊಟ್ಟಾಗ, ಇದನ್ನು ಯಾರಿಗೆ ಕೊಟ್ಟುಬರಬೇಕು ಎಂದು ವಾಣಿಶ್ರೀ ಎದ್ದು ಕುಳಿತಳಂತೆ. "ನಿಮಗೇ ಅಮ್ಮಾ" ಎಂದಳಂತೆ ನರ್ಸು. ಆ ಎರಡು ಮಾತನ್ನು ಅವಳು ಬಹಳ ದಿನ ಮರೆಯಲಿಲ್ಲ.

ಹತ್ತು ದಿನದ ಯಾತ್ರೆ ಮನೆಗೆ ಬಂದ ಸಂಜೆಯೇ ಮುಗಿದುಹೋಯಿತು. ಫೋನ್ ಮಾಡಿದ ಅಕ್ಕ "ಎಲ್ಲಿದ್ದೀರೋ?" ಎಂದು ಕೇಳಿದ್ದಕ್ಕೆ, ಕಾಳಹಸ್ತಿಯನ್ನೂ ಕಂಚಿಯನ್ನೂ ಒಟ್ಟಿಗೇ ಮರೆತ ದೇವರಾಜ್ "ಈಗ ತಾನೆ ಮನೆಗೆ ಬಂದ್ವಕ್ಕಾ" ಎಂದುಬಿಟ್ಟ. ಬೆಳಗಾಗುವುದರೊಳಗೆ ಬಾಗಿಲ ಮುಂದೆ ಸಾಸಲಿನ ಆಟೋ. ಪಿಳ್ಳಮ್ಮ, ಮುನಿಗಂಗಮ್ಮ, ಅವಳ ಗಂಡ ಬೈರೇಶ್, ಮೂವರೂ ಪ್ರಸಾದಕ್ಕೆ ಕೈಯೊಡ್ಡಿ ನಿಂತಿದ್ದರು. ದೇವರಾಜ್ ಹಿತ್ತಲ ಬಾಗಿಲಿಂದ ಬೇಕರಿಗೆ ಓಡಿ ಲಾಡು ತಂದ. ಅದನ್ನು ಪಿಳ್ಳಮ್ಮ ಎರಡು ಕಣ್ಣಿಗೂ ಒತ್ತಿಕೊಂಡು, ಬಾಯಿಗೆ ಹಾಕಿಕೊಂಡು, "ಪ್ರಸಾದದ ರುಚೀನೇ ಬ್ಯಾರೆ ಕಣಪ್ಪಾ" ಎಂದು ಗದ್ಗದಿತರಾದರು.

ಅಷ್ಟರಲ್ಲಿ ಮುನಿಗಂಗಮ್ಮನ ಕಣ್ಣು ಟಿ.ವಿ.ಯ ಪಕ್ಕ ಇಟ್ಟಿದ್ದ ಸಣ್ಣ ಬಾಟಲಿಯ ಮೇಲೆ ಬಿತ್ತು. ವಾಣಿಶ್ರೀಯ ಹೊಟ್ಟೆಯಿಂದ ತೆಗೆದ ಕಲ್ಲುಗಳನ್ನು ಡಾಕ್ಟರು ಅದರಲ್ಲಿ ಹಾಕಿ ಕೊಟ್ಟಿದ್ದರು.

"ಇದೇನ್ಲಾ ದೇವು?"

ದೇವರಾಜ್ "ಬೆಟ್ಟದ ಕಲ್ಲಕ್ಕಾ" ಎಂದ. "ದಾರೀಲಿ ಆಯ್ಕೊಂಡ್ ಬಂದ್ವಿ."

"ಅಯ್ಯೋ ಪಾಪಿ, ಏಳುಬೆಟ್ಟದ ಕಲ್ಲು ತಂದು ಟಿ.ವಿ. ಪಕ್ಕ ಇಡ್ತಾರೇನ್ಲಾ!" ಎಂದು ಪಿಳ್ಳಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ದೇವರ ಗೂಡಿನಲ್ಲಿ ತಿಮ್ಮಪ್ಪನ ಫೋಟೋದ ಮುಂದೆ ಇಟ್ಟರು. ಆಮೇಲೆ ಹಿಂತಿರುಗಿ, ವಾಣಿಶ್ರೀ ಮೂರು ದಿನದಿಂದ ಕನಸಿನಲ್ಲೂ ಎಣಿಸದಿದ್ದ ಮಾತನ್ನು ಆಡಿದರು.

"ತಿರುಪ್ತಿಗೋಗಿ ಬಂದ್ಮೇಲೆ ಹರಿಸೇವೆ ಮಾಡ್ಬೇಕಲ್ಲ. ಬರೋ ಶನಿವಾರಾನೇ ಮಾಡ್ಬಿಡಿ. ದಾಸಯ್ಯಂಗೆ ನಾನೇ ಹೇಳ್ತೀನಿ."

ಯಾತ್ರೆಗೆ ಹೋದವರು ಬಂದು ಹರಿಸೇವೆ ಮಾಡುವುದು, ದಾಸಯ್ಯನನ್ನು ಕರೆಸಿ ಶಂಖ ಜಾಗಟೆ ಬಾರಿಸಿ ಬಳಗಕ್ಕೆಲ್ಲ ಊಟ ಹಾಕುವುದು ಈ ಮನೆಯಲ್ಲಿ ತಾತನ ಕಾಲದಿಂದ ಬಂದದ್ದು. ವಾಣಿಶ್ರೀಯೇ ಎಷ್ಟು ಹರಿಸೇವೆಯಲ್ಲಿ ಉಂಡಿಲ್ಲ!

"ಅಡುಗೆಯೋರ್ಗೆ ಹೇಳೋಣ ಅತ್ತೆ" ಎಂದಳು ಕ್ಷೀಣವಾಗಿ.

"ಎಲ್ಲಾದ್ರೂ ಉಂಟೇ! ಬೆಟ್ಟ ಹತ್ತಿ ಬಂದೋಳ ಕೈ ಅಡುಗೇನೇ ತಿಮ್ಮಪ್ಪಂಗೆ ಸಲ್ಲೋದು" ಎಂದಳು ಮುನಿಗಂಗಮ್ಮ.

ಎಲ್ಲರೂ ಹೋದ ಮೇಲೆ ವಾಣಿಶ್ರೀ ಗಂಡನ ಮೇಲೆ ಹರಿಹಾಯ್ದಳು. "ನಿಜ ಹೇಳ್ಬಿಡೋಣ ರೀ. ನಾಲ್ಕು ಕಡೆ ತೂತು ಹಾಕಿದಾರೆ ಹೊಟ್ಟೆಗೆ. ನನ್ ಕೈಲಾಗಲ್ಲ."

"ತಿಮ್ಮಪ್ಪನ ಹೆಸರಲ್ಲಿ ಸುಳ್ಳು ಹೇಳಿದೀವಿ ಅಂದ್ರೆ ಅಮ್ಮ ಎದೆ ಒಡ್ಕೊಂಡು ಹೋಗ್ಬಿಡ್ತಾಳೆ ಕಣೇ. ಆಮೇಲೆ ಹನ್ನೊಂದನೇ ದಿನದ ಅಡುಗೇನೂ ನಿನ್ ತಲೆಗೇ. ನೋಡ್ಕೋ." ದೇವರಾಜ್ ಆಮೇಲೆ ದನಿ ತಗ್ಗಿಸಿದ. "ಅಷ್ಟಕ್ಕೂ ತಿರುಪತಿ ಐಡಿಯಾ ಯಾರ್ದು?"

ಸಿಟ್ಟೆಲ್ಲ ತನ್ನ ಮೇಲೇ ತಿರುಗಿ, ವಾಣಿಶ್ರೀ ಹರಿಸೇವೆಯ ಸಾಮಾನಿನ ಪಟ್ಟಿ ಬರೆಯಲು ಕೂತಳು.

ಶನಿವಾರ ವಾಣಿಶ್ರೀ ತಲೆಗೆ ನೀರೆರೆದುಕೊಂಡು, ಹೊಟ್ಟೆಯ ಪ್ಲಾಸ್ಟರಿನ ಮೇಲೆ ಸೆರಗು ಬಿಗಿದು ಒಲೆಯ ಮುಂದೆ ನಿಂತಳು. ಹುಳಿ, ಪಲ್ಯ, ಪಾಯಸ, ರಸಾಯನ. ನಡುಮನೆಯಲ್ಲಿ ದೇವರಾಜ್ ಬೋಳುತಲೆಗೆ ಟವೆಲ್ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಅವನಿಗೆ ನೆಗಡಿಯಾಗಿತ್ತು. ಬಂದವರೆಲ್ಲ "ಪಾಪ, ಮುಡಿ ಕೊಟ್ಟು ಬೆಟ್ಟದ ಗಾಳಿ ತಡೀಲಿಲ್ಲ" ಎಂದು ಮರುಗಿ, "ವಾಣೀ, ಅವ್ನಿಗೊಂದು ಲೋಟ ಮೆಣಸಿನ ಕಷಾಯ ಕೊಡೇ" ಎಂದು ಒಳಗೆ ಕೂಗುತ್ತಿದ್ದರು.

ಅನ್ನ ಬೆಂದಿತು. ತಪ್ಪಲೆ ಇಳಿಸಬೇಕು. ವಾಣಿಶ್ರೀ ಸುತ್ತ ನೋಡಿದಳು.

"ಅತ್ತಿಗೇ, ಒಂಚೂರು ಕೈ ಕೊಡಿ."

ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಮುನಿಗಂಗಮ್ಮ ನಕ್ಕಳು. "ಏಳು ಬೆಟ್ಟ ಹತ್ತಿದೋಳಿಗೆ ಒಂದು ಅನ್ನದ ತಪ್ಪಲೆ ಎತ್ತೋಕಾಗಲ್ವೇನೇ? ಅದೂ ದೇವು ಬರ್ದಿದ್ದ, ನೀನೇ ಮುಂದೆ ಅಂತೆ!"

ವಾಣಿಶ್ರೀ ಹಲ್ಲು ಕಚ್ಚಿ ಎತ್ತಿದಳು. ಹೊಕ್ಕುಳ ಹತ್ತಿರ ಏನೋ ಚಳಕ್ಕೆಂದಿತು. ಅದೇ ಹೊತ್ತಿಗೆ ನಡುಮನೆಯಲ್ಲಿ ಶಂಖ ಊದಿ, ಜಾಗಟೆ ಬಡಿದು, ಮಂಗಳಾರತಿ ಎತ್ತಿದರು. ಅವಳು ಹೊಟ್ಟೆ ಒತ್ತಿಕೊಂಡು ಬಂದು ಬಾಗಿಲಲ್ಲಿ ನಿಂತು ನೋಡಿದಳು. ಅರಿಸಿನ ಕುಂಕುಮ ಇಟ್ಟು, ತುಳಸಿ ಏರಿಸಿದ ಆ ಬಾಟಲಿಗೆ ದಾಸಯ್ಯ ಆರತಿ ಬೆಳಗುತ್ತಿದ್ದ. ಅವಳ ಪಿತ್ತಕೋಶದ ಕಲ್ಲುಗಳಿಗೆ ಇಡೀ ಬಳಗ ಕೈಮುಗಿದು "ಗೋವಿಂದಾ, ಗೋವಿಂದ" ಎನ್ನುತ್ತಿತ್ತು. ಇಷ್ಟು ವರ್ಷ ಆ ಕಲ್ಲುಗಳು ಹೊಟ್ಟೆಯೊಳಗೆ ಇದ್ದಾಗ ಗ್ಯಾಸು. ಹೊರಗೆ ಬಂದ ಮೇಲೆ ದೇವರು. ಅಂತೂ ತನ್ನ ಮೈಯ ಒಂದು ಭಾಗಕ್ಕಾದರೂ ಈ ಮನೆಯಲ್ಲಿ ಮರ್ಯಾದೆ ಸಿಕ್ಕಿತಲ್ಲ ಎಂದುಕೊಂಡು ವಾಣಿಶ್ರೀಯೂ ಕೈಮುಗಿದಳು. ಆಮೇಲೆ ಬಡಿಸಲು ಹೋದಳು.

ಹೊಕ್ಕುಳ ಪಕ್ಕ ನಿಂಬೆಹಣ್ಣಿನಷ್ಟು ಗಂಟು ಕಾಣಿಸಿಕೊಳ್ಳಲು ಹೆಚ್ಚು ಕಾಲ ಬೇಕಾಗಲಿಲ್ಲ. ಡಾಕ್ಟರ್ ವೇಣುಗೋಪಾಲ್ ಅವಳನ್ನು ಕೆಮ್ಮಿಸಿ, ಒತ್ತಿ ನೋಡಿದರು.

"ಹರ್ನಿಯಾ. ಹೊಲಿಗೆ ಹಾಕಿದ್ದ ಜಾಗ ಬಿಟ್ಕೊಂಡಿದೆ. ಭಾರ ಎತ್ತಿದ್ರಾ?"

"ಪೂರ್ತಿ ರೆಸ್ಟಲ್ಲೇ ಇದ್ಲು ಸಾರ್" ಎಂದ ದೇವರಾಜ್ ಮೂಗು ಒರೆಸಿಕೊಳ್ಳುತ್ತಾ.

"ಮತ್ತೆ ಆಪರೇಷನ್ ಮಾಡ್ಬೇಕು. ಈ ಸಲ ಒಂದು ತಿಂಗಳು ರೆಸ್ಟು."

ಒಂದು ತಿಂಗಳು ಎಂಬ ಮಾತು ಕೇಳಿಯೂ ವಾಣಿಶ್ರೀಯ ಕಣ್ಣಲ್ಲಿ ನೀರು ಬರಲಿಲ್ಲ. ಹೊರಗೆ ಬೈಕಿನ ಹತ್ತಿರ ಬಂದ ಮೇಲೆ ದೇವರಾಜ್ ಆಗ ತಾನೆ ಚಿಗುರುತ್ತಿದ್ದ ತಲೆಗೂದಲನ್ನು ಸವರಿಕೊಂಡು, ಮೆಲ್ಲಗೆ ಕೇಳಿದ.

"ಈ ಸಲ ಎಲ್ಲಿಗೋಗಿದೀವಿ ಅನ್ನೋಣ?"

"ಕಾಶಿಗೆ ಅನ್ನಿ."

ಬೈಕಿಗೆ ಕೀ ಹಾಕುತ್ತಿದ್ದ ದೇವರಾಜ್ ಥಟ್ಟನೆ ತಿರುಗಿದ. "ಲೇ, ಕಾಶಿಯಿಂದ ಬಂದ್ರೆ ಗಂಗೆ ಪೂಜೆ ಮಾಡಿ ಊರಿಗೆಲ್ಲ ಊಟ ಹಾಕ್ಬೇಕಲ್ಲೇ?"

"ಬಂದ್ರೆ ತಾನೆ" ಎಂದು ವಾಣಿಶ್ರೀ ಬೈಕ್ ಹತ್ತಿ ಕೂತಳು.