ಹಳೆ ವಿಳಾಸಕ್ಕೆ ಬೀಗ

ರಾಜ್ಯ ಬದಲಾದಾಗ ನಾನು ಹೆದರಲಿಲ್ಲ! ಆಂಧ್ರ ಅಳಿಸಿ ತೆಲಂಗಾಣ ಎಂದು ಬರೆದೆ. ಜಿಲ್ಲೆ ಬದಲಾದಾಗ ಮಹಬೂಬನಗರ ಹೊಡೆದುಹಾಕಿ ನಾರಾಯಣಪೇಟೆ ಎಂದು ಬರೆದೆ. ಮಕ್ತಲದ ಮನೆಯಲ್ಲಿ ಕುಂತಲ್ಲೇ ಇಷ್ಟು ವಿಳಾಸ ದಾಟಿದ ವೀರನಿಗೆ ಅಂಗೈಯಗಲದ ವೈಫೈ ಡಬ್ಬಿ ಯಾವ ಲೆಕ್ಕ? ಇಂಟರ್ನೆಟ್ಟಿನ ಹಳೆಯ ವಿಳಾಸಗಳೆಲ್ಲ ಖಾಲಿಯಾಗಿವೆ, ಐಪಿವಿ ಸಿಕ್ಸ್ ಎಂಬ ಉದ್ದುದ್ದ ಹೊಸ ವಿಳಾಸ ಬಂದಿದೆ ಎಂದು ಓದಿದ್ದೇ ತಡ, ನಮ್ಮ ಮನೆಗೂ ಅದನ್ನು ತಂದೇ ತೀರುತ್ತೇನೆಂದು ಪಣ ತೊಟ್ಟೆ.

"ಇವತ್ತ ಅದಕ್ಕ ಕೈ ಹಚ್ಚಬ್ಯಾಡ್ರಿ," ಎಂದಳು ಹೆಂಡತಿ ಮಹಾಂತಮ್ಮ. "ಈಗ ಕೋಸಗಿ ಊರಿನ ಉರುಕುಂದಮ್ಮನೋರು ವಿಡಿಯೋದಾಗ ಮಗಳ ಮದುವಿ ಸೀರಿ ಆರಿಸ್ತಾರ. ತಪ್ಪಿದ್ರ ಗದ್ವಾಲಿನ ಸೀರಿ ಅಂಗಡಿಗೆ ಹೋಗ್ತಾರ."

ಅವಳು ನಮ್ಮ ಪಡಸಾಲೆಯಲ್ಲೇ ನಾರಾಯಣಪೇಟೆ ಸೀರೆ ಮಾರುತ್ತಾಳೆ. ಇಷ್ಟು ದೊಡ್ಡ ಗಿರಾಕಿ ಸಿಕ್ಕಿದ್ದು ಇದೇ ಮೊದಲು.

"ನನಗ ಬುದ್ಧಿ ಹೇಳಾಕ ಬರಬ್ಯಾಡ!" ಎಂದು ಗುಡುಗಿ ಡಬ್ಬಿಯ ಸೆಟ್ಟಿಂಗ್ ತೆರೆದೆ. ಹೊಸ ವಿಳಾಸ ಚಾಲೂ ಮಾಡಿದೆ. ಹಳೆಯದು ಇನ್ನೂ ಅಲ್ಲೇ ಹಲ್ಲು ಕಿರಿಯುತ್ತಿತ್ತು. ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ಮೇಲೆ ಹಳೆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಎರಡು ಒಲೆ ಉರಿದರೆ ಮನೆ ಒಡೆಯುತ್ತದೆ ಎನ್ನುವುದು ನಮ್ಮ ಮನೆತನದ ಮಾತು. ಇಂಟರ್ನೆಟ್ ಆದರೇನು, ಪದ್ಧತಿ ಪದ್ಧತಿಯೇ! ಹಳೆಯದನ್ನು ಬಂದ್ ಮಾಡಿ ಕೈ ಮುಗಿದೆ.

ವಿಡಿಯೋದಲ್ಲಿ ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು, ಉರುಕುಂದಮ್ಮ ಬರಲೇ ಇಲ್ಲ. ಮೊದಲಿನಂತೆ ಮಾಡೋಣವೆಂದರೆ ಸೆಟ್ಟಿಂಗೂ ತೆರೆಯಲೊಲ್ಲದು. ಅದರ ಬಾಗಿಲೂ ಹಳೆ ವಿಳಾಸದಲ್ಲೇ ಇತ್ತಂತೆ!

"ಏನ್ ಮಾಡಿದ್ರಿ?"

"ಸುಧಾರಣೆ!"

"ನಿಮ್ಮ ಸುಧಾರಣೆಗೆ ಬೆಂಕಿ ಬೀಳ್ಲಿ!" ಎಂದು ಅವಳು ಸೀರೆಗಳನ್ನೆಲ್ಲ ಬಾಚಿಕೊಂಡು ದಡದಡ ಹೊರಗೆ ಹೋದಳು.

ನನಗೆ ಪಿತ್ತ ನೆತ್ತಿಗೇರಿತು. ನಮ್ಮಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಮಾಳಿಗೆಯ ಮೇಲೆ, ಅದೂ ಮಾತಿಗಷ್ಟೇ. ಮಾಳಿಗೆ ಹತ್ತಿ ನಿಂತು, ನಮಗೆ ಇಂಟರ್ನೆಟ್ ಲೈನ್ ಕೊಟ್ಟ ಅಂಜನಕುಮಾರನಿಗೆ ಫೋನು ಹಚ್ಚಿದೆ.

"ಕತ್ತೆ ಕಾಯಾಕ ಹೋಗಲೇ! ಹಳೆ ವಿಳಾಸ ಬಂದ್ ಮಾಡಿದ್ದೇ ತಡ ವಿಡಿಯೋನೂ ಬರವಲ್ದು, ಸೆಟ್ಟಿಂಗೂ ತೆರೀವಲ್ದು. ಎಂಥಾ ಲೈನ್ ಕೊಟ್ಟಿ ನನಗ?"

"ಹಳೇದನ್ನ ಯಾಕ ಬಂದ್ ಮಾಡಿದ್ರಿ ಸರ್? ಆ ವಿಡಿಯೋ ಕಂಪನಿಯೋರು ಇನ್ನೂ ಹಳೇ ವಿಳಾಸದಾಗೇ ಅದಾರ. ಸದ್ಯಕ್ಕ ಎರಡೂ ಜೋಡಿ ನಡೀಬೇಕ್ರಿ!"

"ಎರಡು ಒಲಿ ಹಚ್ಚು ಅಂತೀಯಾ? ಮನಿ ಮುರುಕ!"

"ಒಲಿ ಯಾವುದ್ರಿ ಸರ್? ಸಂಜಿಗೆ ಬರ್ತೀನಿ," ಎಂದು ಫೋನಿಟ್ಟ. ನಾನು ಬಿಡುತ್ತೇನೆಯೇ! ಸತ್ತ ಫೋನಿನಲ್ಲೇ ಅವನನ್ನು, ಅವನ ವೈರನ್ನು, ವೈರು ಹೊತ್ತ ಕಂಬವನ್ನು, ಇಂಟರ್ನೆಟ್ ಕಂಡುಹಿಡಿದವರ ಏಳು ತಲೆಮಾರನ್ನು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಗಂಟಲು ಹರಿಯುವಂತೆ ಬೈದೆ. ಹೊಟ್ಟೆಯೊಳಗಿನ ಉರಿ ಆಮೇಲೆಯೇ ತುಸು ತಣ್ಣಗಾಯಿತು.

ಕೆಳಗಿಳಿದಾಗ ಮಹಾಂತಮ್ಮ ಸೀರೆ ಮಡಚುತ್ತಿದ್ದಳು.

"ಉರುಕುಂದಮ್ಮನೋರು ಗದ್ವಾಲಿಗೆ ಹೋದ್ರೇನು?"

"ಯಾಕ ಹೋಗ್ತಾರ? ಪಕ್ಕದ ಸುಗುಣಮ್ಮನ ಅಂಗಳದಾಗ ಕುಂತು, ಆಕಿ ವೈಫೈದಾಗ ತೋರಿಸಿದೆ. ಎಲ್ಲಾ ಒಪ್ಪಿದ್ರು."

ತಲೆಯೆತ್ತಿ ಮಾಳಿಗೆಯತ್ತ ನೋಡಿದೆ. ಆ ಅಂಗಳ ಇರುವುದು ನಮ್ಮ ಮಾಳಿಗೆಯ ಬುಡದಲ್ಲೇ.

"ಹಂಗಾದ್ರ... ನಾ ಬೈದಿದ್ದು?"

"ಒಂದೂ ಬಿಡದಂಗ ಕೇಳಿದ್ರು. 'ಯಾರ್ರೀ ಅಂವ, ಹುಚ್ಚ ಏನು?' ಅಂದ್ರು."

"ನೀ ಏನಂದಿ?"

"ಪಕ್ಕದ ಮನಿಯಂವ ಅಂದೆ. ನಾಳೆ ಸೀರಿ ಒಯ್ಯಾಕ ಅವ್ರೇ ಬರ್ತಾರ. ಸುಗುಣಮ್ಮಗ ಹೇಳೀನಿ, ಅವ್ರು ಹೋಗೋತನಕ ನೀವು ಆ ಮನ್ಯಾಗೇ ಕುಂದರ್ರಿ!"