ಗಾಲಿಕುರ್ಚಿಯಲ್ಲಿ ಕೂತ ಭಾನುವಾರ

ಸೇವೆ ಮಾಡಿಸಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು. ನನಗೆ ಅದಿಲ್ಲ. ಯಾರಾದರೂ ಕೈಹಿಡಿದು ನಡೆಸಲು ಬಂದರೆ, ಇವನ ಕಣ್ಣು ನನ್ನ ಚಿನ್ನದ ಬಳೆಯ ಮೇಲಿದೆಯೋ ಏನೋ ಅನಿಸುತ್ತದೆ. ಅಂಥವಳು ಬಂದು ಸೇರಿದ್ದು ಸೇವೆಯೇ ಉಸಿರಾಗಿರುವ ಜಾಗಕ್ಕೆ. ಭೀಮುನಿಪಟ್ಟಣದ ಸಮುದ್ರದ ಹತ್ತಿರ ಒಂದು ಸೋದರ ಸಂಘ ನಡೆಸುವ ಹಿರಿಯರ ಬಡಾವಣೆ ಇದು. ನಮ್ಮ ಯಜಮಾನರು ವಿಜಯವಾಡದ ಪಟಮಟದಲ್ಲಿ ಬ್ಯಾಂಕಿನಲ್ಲಿದ್ದಾಗ ಆ ಸಂಘ ಸೇರಿದ್ದರು. ಸಭೆಗೆ ಹೋಗಿದ್ದು ಕಡಿಮೆ, ಸಭೆಯ ಊಟ ಬಿಟ್ಟಿದ್ದು ಇನ್ನೂ ಕಡಿಮೆ. ಅವರು ಹೋದಮೇಲೆ ಆ ಊಟಗಳ ಪುಣ್ಯದಿಂದಲೇ ನನಗಿಲ್ಲಿ ಒಂದು ಪುಟ್ಟ ಮನೆ, ಅದರಲ್ಲೊಂದು ಗ್ಯಾಸ್ ಒಲೆ ಸಿಕ್ಕಿತು. ಸಂಘದವರೆಲ್ಲ ಒಬ್ಬರಿಗೊಬ್ಬರು ಸೋದರರೆಂಬ ಲೆಕ್ಕವಾದ್ದರಿಂದ ಎಪ್ಪತ್ತು ದಾಟಿದ ಗಂಡಸರೂ ನನ್ನನ್ನು 'ವದಿನಗಾರು' ಅನ್ನುತ್ತಾರೆ, ಅಂದರೆ ಅತ್ತಿಗೆ. ಇಷ್ಟೊಂದು ಮೈದುನರನ್ನು ನಮ್ಮಪ್ಪ ಕನಸಲ್ಲೂ ಹುಡುಕಿರಲಿಲ್ಲ.

ಇಲ್ಲಿನ ನಿಯಮ ಒಂದೇ. ಓಡಾಡುವವರು ತಮ್ಮ ಮನೆಯಲ್ಲಿ ತಾವೇ ಬೇಯಿಸಿಕೊಳ್ಳಬಹುದು. ಕೈಕಾಲು ಸೋತವರು ಆ ಕಡೆಯ ಆರೈಕೆ ಕಟ್ಟಡಕ್ಕೆ ಹೋಗಬೇಕು. ಅಲ್ಲಿ ನರ್ಸ್ ಇದ್ದಾರೆ, ಡಾಕ್ಟರ್ ಇದ್ದಾರೆ, ಉಪ್ಪಿಲ್ಲದ ಉಪ್ಪಿಟ್ಟೂ ಇದೆ. ನನ್ನ ಒಗ್ಗರಣೆ ಸದ್ದು ಕೇಳದ ಮನೆಯಲ್ಲಿ ನಾನು ಬದುಕುವವಳಲ್ಲ.

ಭಾನುವಾರ ಸಂಘದವರು ವಿಶಾಖಪಟ್ಟಣದಿಂದ ಭುಜಕ್ಕೆ ನೀಲಿ ಪಟ್ಟಿ ಹಾಕಿಕೊಂಡು ಬರುತ್ತಾರೆ. ಪ್ರತಿಯೊಬ್ಬರೂ ಸ್ವಂತ ಕೈಯಿಂದ ಒಂದು ಸೇವೆ ಮಾಡಲೇಬೇಕು. ಆ ದಿನ ಅಧ್ಯಕ್ಷ ಅಪ್ಪಲರಾಜು ತಡವಾಗಿ ಬಂದರು. ಉಗುರು ಕತ್ತರಿಸುವುದು, ಪೇಪರ್ ಓದಿ ಹೇಳುವುದು, ಎಲ್ಲ ಸೇವೆಗಳೂ ಖಾಲಿ. ಖಾಲಿ ಗಾಲಿಕುರ್ಚಿ ಹಿಡಿದು ನಿಂತ ಅವರ ಮುಖ ನೋಡಿ ಅಯ್ಯೋ ಪಾಪ ಅನಿಸಿ ಕೂತುಬಿಟ್ಟೆ. ಗೇಟಿನತನಕ ತಳ್ಳಿದರು. ಯಾರೋ ಫೋಟೋ ಹೊಡೆದರು. ನಾನೂ ಕತ್ತು ವಾಲಿಸಿ, ಒಂದು ಕಣ್ಣು ಅರ್ಧ ಮುಚ್ಚಿ ಚೆನ್ನಾಗಿಯೇ ಸಹಕರಿಸಿದೆ. ಅದೇ ಹೆಚ್ಚಾಯಿತು.

ಮಾರನೆಯ ಬೆಳಿಗ್ಗೆ ಸಾರು ಕುದಿಯುವಾಗ ನರ್ಸ್ ಶಿಲ್ಪಾ ಬಂದಳು. ಕೊಪ್ಪಳದ ಹುಡುಗಿ.

"ಅಜ್ಜಿ, ಒಲಿ ಆರಿಸ್ರಿ. ಇವತ್ತಿಂದ ನೀವು ಆ ಕಡಿ ಬಿಲ್ಡಿಂಗಿಗೆ."

"ಯಾವನೇ ಹೇಳಿದ್ದು?"

"ಡಾಕ್ಟರ್ ಫೋಟೋ ನೋಡ್ಯಾರ. ಕಾಲು ಹೋದವರ ಕೈಯಾಗ ಗ್ಯಾಸ್ ಬ್ಯಾಡ ಅಂದ್ರು."

"ನನ್ನ ಕಾಲು ಎಲ್ಲೂ ಹೋಗಿಲ್ಲ ಕಣೆ. ನಿನ್ನ ಮುಂದೇ ನಿಂತಿವೆ, ಕಣ್ಣು ಬಿಟ್ಟು ನೋಡು."

"ನಾ ನೋಡಿದ್ರ ಏನು ಬಂತು? ಅಧ್ಯಕ್ಷರು ಹೇಳ್ಬೇಕು."

ಅಂದು ಆಫೀಸಿಗೆ ಬಂದಿದ್ದ ಅಧ್ಯಕ್ಷರನ್ನು ಹಿಡಿದೆ. ಅವರು ತೆಲುಗಿನಲ್ಲಿ ತೊದಲಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ: "ವದಿನಗಾರು, ಆ ಫೋಟೋ ವಿಜಯವಾಡ ಶಾಖೆಗೂ ಹೋಗಿದೆ. ಎಲ್ಲರೂ ಹೊಗಳಿದ್ದಾರೆ. ಈಗ ನೀವು ನಡೆದರೆ ನನ್ನ ಮರ್ಯಾದೆ ಏನಾಗಬೇಕು ಹೇಳಿ?"

"ನಿಮ್ಮ ಮರ್ಯಾದೆಗೆ ನಾನು ಸಪ್ಪೆ ಉಪ್ಪಿಟ್ಟು ತಿನ್ನಲೇ? ಆಯಿತು, ತಳ್ಳಿ. ಡಾಕ್ಟರ ಹತ್ತಿರವೇ ಹೋಗೋಣ."

ಮತ್ತೆ ಕೂತೆ. ಆರೈಕೆ ಕಟ್ಟಡಕ್ಕೆ ಒಂದು ಏರು ಹತ್ತಬೇಕು. ನಾನು ತೆಳ್ಳಗಿನವಳಲ್ಲ, ಅವರು ಹುಡುಗರಲ್ಲ. ಅರ್ಧ ಏರುವಷ್ಟರಲ್ಲಿ ಬೆನ್ನ ಹಿಂದೆ ಹಳೇ ಬಸ್ಸಿನಂಥ ಏದುಸಿರು. ತಿರುಗಿ ನೋಡಿದರೆ ಮುಖವೆಲ್ಲ ಬೆವರು. ಇಳಿದೆ, ಅವರನ್ನೇ ಕುರ್ಚಿಗೆ ಕೂರಿಸಿದೆ, ಸೆರಗು ಸಿಕ್ಕಿಸಿ ತಳ್ಳಿದೆ. ಡಾಕ್ಟರ್ ಬಾಗಿಲಲ್ಲೇ ನಿಂತು ನೋಡಿದರು. "ನಡೆಯಲಾಗದವರು ಯಾರು?" ಎಂದು ಕೇಳಿದರು. ನಾನು ಬೆರಳು ತೋರಿಸಿದೆ. ಅಪ್ಪಲರಾಜು ತಲೆ ತಗ್ಗಿಸಿದರು. ಗಾಬರಿಯಾಗುವಂಥದ್ದೇನಿರಲಿಲ್ಲ, ಬಿ.ಪಿ. ಏರಿತ್ತು ಅಷ್ಟೆ. ಸಂಜೆಯವರೆಗೆ ಅವರನ್ನು ಅಲ್ಲೇ ಮಲಗಿಸಿ ಆ ಉಪ್ಪಿಟ್ಟನ್ನೇ ಕೊಟ್ಟರು.

ನನ್ನ ಒಲೆ ನನಗೇ ಉಳಿಯಿತು. ಗೆದ್ದೆನೆಂದು ಬೀಗುವಷ್ಟರಲ್ಲಿ ಸಂಘದವರು ಇಷ್ಟು ಗಟ್ಟಿಯಿರುವ ವದಿನಗಾರು ಸುಮ್ಮನಿರಬಾರದೆಂದು ನನ್ನ ಭುಜಕ್ಕೂ ಒಂದು ನೀಲಿ ಪಟ್ಟಿ ಹಾಕಿಬಿಟ್ಟರು. ಈಗ ಭಾನುವಾರವೆಲ್ಲ ಕುರ್ಚಿ ತಳ್ಳುವುದೇ ಕೆಲಸ, ಅಡುಗೆಗೆ ಪುರಸೊತ್ತಿಲ್ಲ. ಮಧ್ಯಾಹ್ನ ಆರೈಕೆ ಕಟ್ಟಡದಲ್ಲೇ ತಟ್ಟೆ ಹಿಡಿಯುತ್ತೇನೆ. ಹೋದ ವಾರ ಉಪ್ಪಿಟ್ಟನ್ನು ಎರಡನೇ ಸಲವೂ ಹಾಕಿಸಿಕೊಂಡೆ. ಶಿಲ್ಪಾ ನೋಡಿದಳು. ನೋಡಿದರೆ ನೋಡಲಿ, ಹಸಿವಾಗಿತ್ತು.