ಫ್ರೀಡಾಳ ವೈನಿಗೆ ಒಂದು ಡಿಗ್ರಿ ಕಡಿಮೆ

ಅರವತ್ತೈದರ ಅಲೋಯಿಸನ ಪ್ರಕಾರ ಜರ್ಮನಿಯ ಇಡೀ ಮೋಸೆಲ್ ಕಣಿವೆಯಲ್ಲಿ ಬುದ್ಧಿವಂತರು ಇಬ್ಬರೇ. ಒಬ್ಬ ತಾನು, ಇನ್ನೊಂದು ತನ್ನ ಜೇಬಿನಲ್ಲಿದ್ದ, ದ್ರಾಕ್ಷಿಯ ಸಿಹಿ ಅಳೆಯುವ ಪುಟ್ಟ ದುರ್ಬೀನು. ಹೆಂಡತಿ ಗೆರ್ಲಿಂಡೆಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ. (ಇದ್ದಿದ್ದರೆ ಅವನ ಮಾನ ಉಳಿಯುತ್ತಿತ್ತು.)

ಆಗಸ್ಟ್ ಕೊನೆಯಲ್ಲಿ ಮೊಮ್ಮಗಳು ಫ್ರೀಡಾ ಹುಟ್ಟಿದಳು. ಮಗು ಹುಟ್ಟಿದ ವರ್ಷದ ವೈನನ್ನು ನೆಲಮಾಳಿಗೆಯಲ್ಲಿಟ್ಟು, ಮಗುವಿಗೆ ಹದಿನೆಂಟು ತುಂಬಿದ ದಿನ ತೆರೆಯುವುದು ಮನೆತನದ ಪದ್ಧತಿ. ಅಲೋಯಿಸ್ ತೊಟ್ಟಿಲ ಮುಂದೆ ನಿಂತು ಭೀಷ್ಮಪ್ರತಿಜ್ಞೆ ಮಾಡಿದ.

"ನನ್ನ ಪುಟ್ಟಿಗೆ ಔಸ್ಲೇಸೆನೇ ಆಗ್ಬೇಕು. ಅದಕ್ಕಿಂತ ಕೆಳಗಿನದ್ದು ಮುಟ್ಟಿಸಲ್ಲ!"

"ಮೊದಲು ಅವಳಿಗೆ ಹಾಲು ಜೀರ್ಣ ಆಗ್ಲಿ," ಎಂದಳು ಗೆರ್ಲಿಂಡೆ.

ವೈನಿನ ದರ್ಜೆಗೆ ಕಾಯಿದೆಯ ಲೆಕ್ಕ ಸರಳ. ರಸದ ಸಿಹಿ ಎಪ್ಪತ್ತು ಡಿಗ್ರಿ ಮುಟ್ಟಿದರೆ ಕಾಬಿನೆಟ್, ಇನ್ನಷ್ಟು ಮಾಗಿದರೆ ಷ್ಪೇಟ್ಲೇಸೆ, ಎಂಬತ್ತಮೂರಾದರೆ ಔಸ್ಲೇಸೆ. ಸೂರ್ಯನೇ ಜಿಪುಣನಾದ ಊರಿನಲ್ಲಿ ಎಂಬತ್ತಮೂರೆಂದರೆ ಹುಡುಗಾಟವಲ್ಲ. ಗೆರ್ಲಿಂಡೆ ತನ್ನ ಕೆಳತೋಟದ ಮ್ಯುಲ್ಲರ್-ತುರ್ಗಾವ್ ದ್ರಾಕ್ಷಿಯನ್ನು ಸೆಪ್ಟೆಂಬರಿನಲ್ಲೇ ಕೊಯ್ದು ಕೈತೊಳೆದುಕೊಂಡಳು. ಅಲೋಯಿಸ್ ಮಾತ್ರ ಕಲ್ಲುಗೋಡೆಯ ಪಕ್ಕದ ಮೂರು ಸಾಲು ರೀಸ್ಲಿಂಗ್ ದ್ರಾಕ್ಷಿಯನ್ನು ಫ್ರೀಡಾಳ ಹೆಸರಿಗೆ ಬಿಟ್ಟು, ದಿನಕ್ಕೆ ಮೂರು ಸಲ ಗುಡ್ಡ ಹತ್ತತೊಡಗಿದ. ಬಿಸಿಲಿಗೆ ಬಂಗಾರವಾದ ಗೊಂಚಲು ಹುಡುಕುವುದು, ಒಂದು ಹನಿ ದುರ್ಬೀನಿಗೆ, ಉಳಿದದ್ದು ಬಾಯಿಗೆ. ವಿಜ್ಞಾನದ ಕೆಲಸವಾದ್ದರಿಂದ ಅದನ್ನು ಅವನು ತಿನ್ನುವುದೆಂದು ಎಣಿಸಲೇ ಇಲ್ಲ.

"ತೊಂಬತ್ತೊಂದು ಕಣೇ! ಆದ್ರೆ ಹಾಳು ಗೊರವಂಕ! ಚೆನ್ನಾಗಿ ಹಣ್ಣಾಗಿದ್ದನ್ನೇ ಆರಿಸಿ ತಿಂತಿವೆ," ಎಂದು ಅವನು ಬಲೆ ಕಟ್ಟಿದ. ಗೊಂಚಲುಗಳು ಮಾಯವಾಗುತ್ತಲೇ ಇದ್ದವು.

"ಅಲೋಯಿಸ್, ಈ ಹಕ್ಕಿ ಬಲೆಯ ಗಂಟು ಬಿಚ್ಚಿ, ತಿಂದು, ಮತ್ತೆ ಗಂಟು ಹಾಕಿ ಹೋಗ್ತಿದೆಯಲ್ಲ?"

"ಈಗಿನ ಹಕ್ಕಿಗಳು ಬಲು ಕಿಲಾಡಿ ಕಣೇ!"

ಅಕ್ಟೋಬರ್ ಕೊನೆಯಲ್ಲಿ ಕೊಯ್ಲಾಯಿತು. ಹಣ್ಣು ಹಿಂಡಿ ರಸ ಅಳೆಯುವಾಗ ಪಕ್ಕದ ತೋಟದ ಹೆರಿಬರ್ಟನೂ ಬಂದು ನಿಂತ. ಎಂಬತ್ತೆರಡು! ಅಲೋಯಿಸ್ ದುರ್ಬೀನು ಒರೆಸಿದ, ಕನ್ನಡಕ ಒರೆಸಿದ, ಮತ್ತೆ ನೋಡಿದ. ಎಂಬತ್ತೆರಡೇ. ಅಂದರೆ ಬರೀ ಷ್ಪೇಟ್ಲೇಸೆ. ತೊಟ್ಟಿಲ ಮುಂದೆ ಆಡಿದ ಮಾತು ನೆನಪಾಗಿ ಅವನಿಗೆ ನಿಜಕ್ಕೂ ಅಳು ಬಂತು.

"ತೊಂಬತ್ತೊಂದಿತ್ತಲ್ಲೇ..."

"ಇತ್ತಪ್ಪ. ತೊಂಬತ್ತೊಂದಿದ್ದಿದ್ದನ್ನೆಲ್ಲ ನೀನು ತಿಂದೆ. ಹುಳಿ ಇದ್ದಿದ್ದನ್ನ ಮಗುವಿಗೆ ಬಿಟ್ಟೆ. ಆ ಒಂದು ಡಿಗ್ರಿ ನಿನ್ನ ಬೆಲ್ಟಿನ ಹಿಂದೆ ಕೂತಿದೆ, ನೋಡ್ಕೋ."

"ನಂಗೂ ದಿನಾ ಒಂದು ಗೊಂಚಲು ಕೊಡ್ತಿದ್ದ," ಎಂದು ಹೆರಿಬರ್ಟ್ ಉರಿಯುವ ಬೆಂಕಿಗೆ ತುಪ್ಪ ಸುರಿದ.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ನೀನು?" ಎಂದು ಅಲೋಯಿಸ್ ಹೆಂಡತಿಯತ್ತ ತಿರುಗಿದ.

"ಹೇಳಿದ್ರೆ ಕೇಳೋ ಗಂಡ ನಂಗೆಲ್ಲಿ ಸಿಕ್ಕಿದ್ದಾನೆ?"

ಗೆರ್ಲಿಂಡೆ ಬೆರಳದ್ದಿ ರಸ ನೆಕ್ಕಿದಳು. ಅವಳ ಮುಖ ಅರಳಿತು. "ಚೆನ್ನಾಗಿದೆ ಕಣೋ! ನಮ್ಮಪ್ಪ ನಂಗೆ ಅಂತ ಇಟ್ಟಿದ್ದೂ ಷ್ಪೇಟ್ಲೇಸೆನೇ. ನಮ್ಮ ಮದುವೇಲಿ ಅದರಲ್ಲಿ ಉಳಿದಿದ್ದನ್ನ ಮೂರು ಲೋಟ ಏರಿಸಿ 'ಆಹಾ, ಔಸ್ಲೇಸೆ ಅಂದ್ರೆ ಇದು' ಅಂತ ಭಾಷಣ ಮಾಡಿದ್ದು ಯಾರು?"

ಅಲೋಯಿಸ್ ದುರ್ಬೀನನ್ನು ಮೆಲ್ಲಗೆ ಜೇಬಿಗೆ ಇಳಿಸಿದ.

ವಸಂತದಲ್ಲಿ ಬಾಟಲಿ ತುಂಬಿದರು. ಗೆರ್ಲಿಂಡೆ ಬರೆಸಿದ ಚೀಟಿಯಲ್ಲಿ ಬೂಟು ತೊಟ್ಟ ಗೊರವಂಕವೊಂದು ಕಣ್ಣಿಗೆ ದುರ್ಬೀನು ಹಿಡಿದಿತ್ತು. ಅಂಟಿಸುವ ಕೆಲಸ ಅಲೋಯಿಸನದೇ. ಅಜ್ಜಿಯ ತೊಡೆಯ ಮೇಲೆ ಕೂತ ಫ್ರೀಡಾ ಒಂದು ಚೀಟಿಯನ್ನು ಆಗಲೇ ಚೀಪುತ್ತಿದ್ದಳು.

"ಇವಳು ಇದನ್ನ ತೆರೆಯೋ ದಿನ ನಂಗೆ ಎಂಬತ್ತಮೂರು ಕಣೇ. ಇರ್ತೀನಾ?" ಎಂದ ಅವನು.

"ಇರದೆ ಎಲ್ಲಿ ಹೋಗ್ತೀಯ? ಎಂಬತ್ತಮೂರು ಅಂದ್ರೆ ಔಸ್ಲೇಸೆ! ಆವತ್ತು ಮೇಜಿನ ಮೇಲೆ ಇಲ್ದಿದ್ರೂ ಕುರ್ಚಿ ಮೇಲೆ ಒಂದು ಇರತ್ತೆ, ಬಿಡು."

ಅಲೋಯಿಸನ ಎದೆ ಉಬ್ಬಿತು. ಗೆರ್ಲಿಂಡೆ ಅವನ ಮುಂದೆ ಇನ್ನೊಂದು ಕಟ್ಟು ಚೀಟಿ ಇಟ್ಟಳು.

"ಈಗ ಅಂಟಿಸು. ಸದ್ಯಕ್ಕೆ ಅರವತ್ತೈದು ನೀನು, ಕಾಬಿನೆಟ್ಟಿಗೂ ಐದು ಕಡಿಮೆ."